ಬೆಳಕಿಗೆ ಹಿಡಿದ ಫಿಲ್ಟರ್

ನಮ್ಮ ಸೋದರಮಾವನ ಕೈಗೆ ಹೊಸ ಏರ್ ಫಿಲ್ಟರ್ ಕೊಟ್ಟರೆ ಮೊದಲು ಅದರ ಡಬ್ಬ ಬಿಚ್ಚಿ ಮೂಲೆಗೆ ಎಸೆಯುತ್ತಿದ್ದ. "ಡಬ್ಬದ ಮೇಲಿನ ಹೆಸರು ಓದೋಕೆ ಎಂಜಿನ್ನಿಗೆ ಬರಲ್ಲ," ಎನ್ನುತ್ತಿದ್ದ. ಕಾರು ಮಾಡಿದ ಕಂಪನಿಯದೇ ಆಗಲಿ, ಅರ್ಧ ಬೆಲೆಗೆ ಸಿಗುವ ಹೊರಗಿನದೇ ಆಗಲಿ, ಅದನ್ನು ಗ್ಯಾರೇಜಿನ ಬಾಗಿಲಿಗೆ ತಂದು, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಹಿಡಿಯುತ್ತಿದ್ದ. ಮಡಿಕೆ ಮಡಿಕೆಯಾದ ಕಾಗದದಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಮಂಕಾಗಿ ಕಂಡರೆ ಪಾಸು. ಎಲ್ಲಾದರೂ ಚುಕ್ಕೆಯಷ್ಟು ಹೊಳೆದರೆ ಧೂಳು ಎಂಜಿನ್ನಿಗೆ ನುಗ್ಗುವ ದಾರಿ ಅದೇ. ಕಂಪನಿಯದನ್ನೂ ಎರಡು ಸಲ ಫೇಲ್ ಮಾಡಿದ ಮಹಾನುಭಾವ ಅವನು.

ನಾನು ಹನ್ನೆರಡು ವರ್ಷದಿಂದ ಅವನ ಜೊತೆ ಕೆಲಸ ಮಾಡುತ್ತಿದ್ದೇನೆ. ಕಲಿಸುವಾಗ ಬೈದ ಬೈಗುಳವನ್ನೆಲ್ಲ ಬರೆದಿಟ್ಟರೆ ದಪ್ಪ ಪುಸ್ತಕವಾದೀತು. ಊಟದ ಡಬ್ಬಿಯಲ್ಲಿದ್ದ ಒಳ್ಳೆಯದನ್ನು ಮಾತ್ರ ಯಾವಾಗಲೂ ನನ್ನ ಕಡೆಗೇ ತಳ್ಳುತ್ತಿದ್ದ. ಗಿರಾಕಿಗಳ ಮುಂದೆ ನಾನು ಅವನಿಗೆ ಎದುರಾಡಿದವಳಲ್ಲ. ಗ್ಯಾರೇಜು ನಡೆಯುತ್ತಿದ್ದದ್ದೇ ಅವನ ಮಾತಿನ ಮೇಲೆ. ಅವನು ಸರಿ ಅಂದರೆ ಜನ ಮರುಮಾತಾಡದೆ ಬಾನೆಟ್ ಮುಚ್ಚಿಸುತ್ತಿದ್ದರು.

ಹೋದ ವರ್ಷ ಒಬ್ಬ ಟೀಚರಮ್ಮ ಎರಡು ಫಿಲ್ಟರ್ ಹಿಡಿದುಕೊಂಡು ಬಂದರು, ಒಂದು ಕಂಪನಿಯದು, ಇನ್ನೊಂದು ಹೊರಗಿನದು.

"ಯಾವುದು ಹಾಕಿಸ್ಲಿ, ನೀವೇ ಹೇಳಿ."

ಮಾವ ಎರಡನ್ನೂ ಬೆಳಕಿಗೆ ಹಿಡಿದ. "ಹೊರಗಿಂದೇ ಸಾಕಮ್ಮ. ಕಂಪನಿದು ವಾಪಸ್ ಕೊಟ್ಬಿಡಿ."

ಅವನ ಹೆಗಲ ಹಿಂದೆ ನಿಂತಿದ್ದ ನನಗೆ ಹೊರಗಿನದರ ಅಂಚಿನಲ್ಲಿ, ಕಾಗದ ರಬ್ಬರಿಗೆ ಅಂಟುವ ಕಡೆ, ಕೂದಲೆಳೆಯಷ್ಟು ಬಿಳಿ ಗೆರೆ ಕಂಡಿತು. ಮಾವನಿಗೆ ಕಾಣದ್ದು ನನಗೆ ಕಾಣುವುದುಂಟೇ ಎಂದುಕೊಂಡೆ. ನನಗೆ ನಾನೇ ಹೇಳಿಕೊಂಡ ಶುದ್ಧ ಸುಳ್ಳು ಅದು. ಅವನು ಸ್ಪ್ಯಾನರಿನ ನಂಬರನ್ನು ಉಗುರಿನಿಂದ ಸವರಿ ಓದುವುದನ್ನು ಎಷ್ಟೋ ಸಲ ನೋಡಿದ್ದೆ. ಅವನ ಕಣ್ಣು ಮಂಜಾಗಿದೆ ಎಂದು ಗಿರಾಕಿಯ ಎದುರು ತೋರಿಸಿಕೊಡಲು ಮನಸ್ಸು ಬರಲಿಲ್ಲ. ಆ ಫಿಲ್ಟರನ್ನು ನಾನೇ ಕೂರಿಸಿದೆ.

ತಿಂಗಳ ಮೇಲೆ ಟೀಚರಮ್ಮ ಬ್ರೇಕ್ ತೋರಿಸಲು ಬಂದರು. ಮಾವ ಸುಮ್ಮನಿರಲಾರದೆ ಫಿಲ್ಟರ್ ಪೆಟ್ಟಿಗೆಯನ್ನೂ ಬಿಚ್ಚಿದ. ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳಾಡಿಸಿದ. ಬೆರಳ ತುದಿಗೆ ನಯವಾದ ಧೂಳು ಬಂತು. ಹೆಬ್ಬೆರಳಿಗೆ ಉಜ್ಜಿ ಉಜ್ಜಿ ನೋಡಿದ.

"ತಪ್ಪು ನನ್ನದಮ್ಮ," ಎಂದ. "ಎಂಜಿನ್ನಿಗೆ ಏನೂ ಆಗಿಲ್ಲ, ಬೇರೆ ಹಾಕ್ಕೊಡ್ತೀನಿ. ಅವತ್ತು ನಂಗೆ ಸರಿಯಾಗಿ ಕಾಣ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. "ನಂಗೆ ಕಂಡಿತ್ತು ಮಾವ."

ಬೈಗುಳ ಬರುತ್ತದೆಂದು ತಲೆ ತಗ್ಗಿಸಿದೆ. ಬರಲಿಲ್ಲ, ಅದೇ ಹೆಚ್ಚು ಚುರುಕ್ಕೆಂದಿತು. ಅವನು ಕಪಾಟಿನಿಂದ ಹೊಸ ಫಿಲ್ಟರ್ ತೆಗೆದು, ಡಬ್ಬವನ್ನು ಮೂಲೆಗೆ ಎಸೆದು, ಬಾಗಿಲಿಗೆ ನಡೆದ. ಎರಡೂ ಕೈಯಲ್ಲಿ ಅದನ್ನು ಬೆಳಕಿಗೆ ಎತ್ತಿ ಹಿಡಿದು ನನ್ನತ್ತ ತಿರುಗಿದ.

"ಬಾ ಇಲ್ಲಿ. ಇನ್ಮೇಲೆ ಹಿಡ್ಕೊಳ್ಳೋನು ನಾನು, ನೋಡೋಳು ನೀನು. ಕಂಡದ್ದನ್ನ ಕಂಡ ಹಾಗೆ ಹೇಳು, ಯಾರ ಮುಂದೆ ಆದ್ರೂ."

ಹೋಗಿ ಒಂದು ಕಣ್ಣು ಮುಚ್ಚಿದೆ. ಇನ್ನೊಂದರಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ.

"ಸ್ವಲ್ಪ ತಡಿ ಮಾವ," ಎಂದೆ.

ಅವನು ಕೈ ಇಳಿಸದೆ ಕಾದ.