ಅಕ್ಕೋರ ಕರಿಮಣಿಯಲ್ಲಿದ್ದ ಕೀಲಿ

ಅವರ ಕರಿಮಣಿ ಸರದಲ್ಲಿ ಸೇಫ್ಟಿ ಪಿನ್ನುಗಳ ನಡುವೆ ಉಗುರಿನಷ್ಟು ಚಿಕ್ಕದೊಂದು ಕಪ್ಪು ಕೀಲಿ ತೂಗುತ್ತಿತ್ತು. ಬೀಗಕ್ಕೆ ಹಾಕುವುದಲ್ಲ, ಕಂಪ್ಯೂಟರಿಗೆ ಚುಚ್ಚುವುದು. ಅವರು ಬಗ್ಗಿದಾಗ ಅದು ಮೇಜಿಗೆ ಟಕ್ಕೆಂದು ತಾಗುತ್ತಿತ್ತು. ಕಪ್ಪೋ ಕಡುನೀಲಿಯೋ ಎಂದು ಯಾರಾದರೂ ಒತ್ತಿ ಕೇಳಿದರೆ ಆಣೆಯಿಟ್ಟು ಹೇಳಲಾರೆ. ಸದ್ದು ಮಾತ್ರ ನೆನಪಿದೆ.

ಮೊದಲು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವರಾದ್ದರಿಂದ ನಮಗೆಲ್ಲ ಅವರು ಅಕ್ಕೋರು. ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಡಯಾಲಿಸಿಸ್ ಕೇಂದ್ರಗಳಿದ್ದ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗವೆಂದರೆ ಅವರು ಮತ್ತು ಅವರ ಕೈಕೆಳಗೆ ನಾನು. ರೋಗಿಗಳ ದಾಖಲೆಯೆಲ್ಲ ದಿನವೂ ಬ್ಯಾಕಪ್ಪಿಗೆ ಹೋಗುತ್ತಿತ್ತು. ಅದಕ್ಕೆ ಮೂರೂ ಊರಿಗೆ ಒಂದೇ ಪಾಸ್‌ವರ್ಡ್. ಒಮ್ಮೆ ಯಾರೋ ಹೆಡ್ ಆಫೀಸಿನವನೆಂದು ಹೇಳಿಕೊಂಡು ಫೋನು ಮಾಡಿ, ‘ಅಕ್ಕಾ’ ಎಂದು ಬಾಯ್ತುಂಬ ಕರೆದು ಅದನ್ನು ಕೇಳಿದ. ರಿಸೆಪ್ಶನ್ನಿನವರು ಹೇಳಿದ್ದಲ್ಲದೆ, ಊಟ ಆಯಿತೇ ಎಂದೂ ವಿಚಾರಿಸಿದರು. ಅವನು ಬ್ಯಾಕಪ್ಪನ್ನೇ ಅಳಿಸಲು ಹೊರಟಾಗ ಅಕ್ಕೋರು ಹೇಗೋ ತಡೆದರು.

ಆಮೇಲೆ ಬಂದದ್ದು ಆ ಕೀಲಿ. ಪಾಸ್‌ವರ್ಡ್ ಹಾಕಿ, ಕೀಲಿ ಚುಚ್ಚಿ, ಅದರ ಗುಟ್ಟಿನ ಅಂಕಿ ಒತ್ತಿದರೆ ಮಾತ್ರ ಬ್ಯಾಕಪ್ ತೆರೆಯುತ್ತಿತ್ತು. ಅಕ್ಕೋರು ಎರಡು ಕೀಲಿ ಕೇಳಿದ್ದರು. ಮ್ಯಾನೇಜರ್ ಒಂದನ್ನೇ ತರಿಸಿದರು.

“ನಾನೊಬ್ಳೇ ಇಟ್ಕಂಡ್ರೆ ಎಲ್ಲಿಗೂ ಹೋಗುಕಾಗುದಿಲ್ಲ ಸರ್.”

“ನೀವೆಲ್ಲಿಗೆ ಹೋಗ್ತ್ರಿ ಅಕ್ಕೋರೆ? ಹೆಚ್ಚಂದ್ರೆ ಮೀನುಪೇಟೆಗೆ!”

ಎಲ್ಲರೂ ನಕ್ಕೆವು. ಅವರೂ ನಕ್ಕರು.

ಧಾರೇಶ್ವರದ ತವರಿನಲ್ಲಿ ತಾಯಿಗೆ ವಿಪರೀತವಾಗಿದೆಯೆಂದು ಅವರು ರಜೆ ಹಾಕಿ ಹೋದ ಬೆಳಿಗ್ಗೆಯೇ ಹೊನ್ನಾವರದ ಸರ್ವರ್ ಕೆಟ್ಟಿತು. ಮ್ಯಾನೇಜರ್ ಅಲ್ಲಿಂದಲೇ, ನನ್ನೆದುರು, ಸ್ಪೀಕರ್ ಹಾಕಿ ಫೋನು ಮಾಡಿದರು.

“ಅಮ್ಮ ಕಣ್ಣು ಬಿಡ್ತಾ ಇಲ್ಲ ಸರ್. ಸಂಜೆಗೆ ಆಗುದಿಲ್ವಾ?”

“ಪೇಶಂಟುಗಳು ಬಂದು ಕೂತಿದ್ದಾರೆ. ಯಾರಿಗೆ ಎಂತ ಔಷಧ, ಎಷ್ಟು, ಒಂದೂ ಕಾಣ್ತಾ ಇಲ್ಲ. ಕಾರು ಕಳಿಸ್ತೆ, ಕೀಲಿ ಡ್ರೈವರ್ ಕೈಲಿ ಕೊಡಿ, ಅಂಕಿ ಈಗಲೇ ಹೇಳ್ಬಿಡಿ.”



“ಫೋನಲ್ಲಿ ಹೇಳ್ಬೇಡಿ ಅಂತ ನಿಮಗೆಲ್ಲ ಹೇಳಿದವ್ಳೇ ನಾನು. ಕಾರು ಕಳ್ಸಿ, ನಾನೇ ಬರ್ತೆ.”

ಬಂದರು. ದಾಖಲೆಗಳು ಮರಳಿ ತುಂಬುತ್ತಿದ್ದಾಗ ಅವರ ತಮ್ಮನ ಫೋನು ಬಂತು. “ಆತಾ? ಎಷ್ಟೊತ್ತಿಗೆ?” ಎಂದಷ್ಟೇ ಕೇಳಿದರು. ಕೆಲಸ ಮುಗಿಯುವವರೆಗೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಸರದಿಗೆ ಕಾಯುತ್ತಿದ್ದ ಮುದುಕರೊಬ್ಬರು ಸೀರೆ ಅಂಗಡಿಯ ಚೀಲವನ್ನು ಎತ್ತಿ ತೋರಿಸಿದರು. “ಕಾಗದೆಲ್ಲ ನಮ್ ಹತ್ರ ಅದೆ, ಹೋದ ಸಲದ್ದೂ ಅದೆ. ಅವರನ್ನ ಎಂತಕ್ಕೆ ಕರೆಸಿದ್ರಿ? ನಮ್ಮನ್ನ ಒಂದು ಮಾತು ಕೇಳುಕಾಗಿತ್ತು.”

ಅಲ್ಲಿ ಕೂತ ಪ್ರತಿಯೊಬ್ಬರ ಮಡಿಲಲ್ಲೂ ಅಂಥದೊಂದು ಚೀಲವಿತ್ತು. ನಮ್ಮ ಕಡೆಯ ಜನ ಹಳೆಯ ಚೀಟಿಗಳನ್ನೆಲ್ಲ ಹೊತ್ತುಕೊಳ್ಳದೆ ಡಾಕ್ಟರರ ಬಳಿಗೆ ಬರುವುದೇ ಇಲ್ಲ, ದಿನವೂ ನೋಡುತ್ತಿದ್ದೆವು. ಸಂಜೆಯವರೆಗೆ ಕಾಯಬಹುದಿತ್ತು. ಅಜ್ಜ ಹಾಗೆ ಹೇಳಿದ್ದು ಅಕ್ಕೋರು ಹೊರಟುಹೋದ ಮೇಲೆ ಎಂದು ನನ್ನ ನೆನಪು. ಆದರೆ ಹಾಗೇ ಆಗಿರಲಿ ಎಂಬುದು ನನ್ನ ಆಸೆಯೂ ಹೌದಾದ್ದರಿಂದ, ಆ ನೆನಪನ್ನು ಪೂರ್ತಿ ನಂಬುವುದಿಲ್ಲ.

ಎರಡನೆಯ ಕೀಲಿ ಆಮೇಲೆ ಯಾರೂ ಕೇಳದೆಯೇ ಬಂತು. ಅದು ನನ್ನ ಪಾಲಿಗೆ. ಬಳಸುವ ಕ್ರಮವನ್ನು ಅಕ್ಕೋರು ತಾಳ್ಮೆಯಿಂದ ಹೇಳಿಕೊಟ್ಟರು, ತಾಯಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಕಳೆದ ಮಳೆಗಾಲ ನಮ್ಮೂರು ಮುಟ್ಟಳ್ಳಿಯಲ್ಲಿ ನನ್ನ ಅಪ್ಪ ಹಾಸಿಗೆ ಹಿಡಿದಾಗ ಮತ್ತೆ ಸರ್ವರಿನ ಗಲಾಟೆ ಎದ್ದಿತ್ತು. ಊರಿಗೆಂದು ಬ್ಯಾಗು ಹಿಡಿದವಳು ಆಫೀಸಿನ ಬಾಗಿಲಲ್ಲೇ ನಿಂತೆ.

“ಎಂತ ನೋಡ್ತೆ ಮಾರಾಯ್ತಿ? ಬಸ್ಸು ಹೋಗ್ತದೆ.”

“ನೀವೊಬ್ರೇ ಆಗ್ತ್ರಿ ಅಕ್ಕೋರೆ.”

“ನಾ ಇರ್ತೆ ಇಲ್ಲಿ. ಯಾರು ಫೋನ್ ಮಾಡಿದ್ರೂ ತೆಗೀಬೇಡ. ನಾ ಮಾಡಿದ್ರೂ ತೆಗೀಬೇಡ.”

ಫೋನು ಬರಲೇ ಇಲ್ಲ. ಅಪ್ಪನ ಬಾಯಿಗೆ ಕೊನೆಯ ನೀರು ಬಿಟ್ಟದ್ದು ನಾನು. ಅವರ ತಾಯಿಗೆ ಬಿಟ್ಟವರು ಯಾರೆಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.