ಡ್ರಿಲ್ ಮೇಷ್ಟ್ರ ಹಲ್ಲಿಗೆ ಹುಡುಕಿದ ಸ್ಪ್ಯಾನಿಷ್ ಮಾತು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಗಳೂರಿನ ಹೈಸ್ಕೂಲೊಂದಕ್ಕೆ ವಿಜ್ಞಾನ ಕಲಿಸಲು ಬಂದೆ. ನಮ್ಮೂರು ಹೊನ್ನಾಳಿ ಕಡೆಯ ಸಾಸ್ವೆಹಳ್ಳಿ. ಜಗಳೂರಿನಲ್ಲಿ ಗುರುತಿನವರು ಒಬ್ಬರೂ ಇರಲಿಲ್ಲ. ಸಂಜೆ ಬಾಡಿಗೆ ಕೋಣೆ ಸೇರಿದರೆ ಮರುದಿನ ಹಾಜರಿ ಕೂಗುವವರೆಗೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಪತ್ರಿಕೆಯೊಂದರ ಪತ್ರಮಿತ್ರರ ಪುಟದಲ್ಲಿ ಸ್ಪೇನಿನ ಹೆಂಗಸೊಬ್ಬಳ ವಿಳಾಸ ಸಿಕ್ಕಿತು. ಬಟ್ಟೆ ಹೊಲಿದು ಬದುಕುವವಳು, ಒಂಟಿ. ಇಂಗ್ಲಿಷ್ ಬಾರದ ಅವಳಿಗೆ ನನ್ನ ಕಾಗದಗಳನ್ನು ನೆರೆಯವರು ಓದಿ ಹೇಳುತ್ತಿದ್ದರು. ನಡುವೆ ಇನ್ನೊಬ್ಬರು ಬೇಡವೆನಿಸಿ, ದಾವಣಗೆರೆಯ ಹಳೆ ಪುಸ್ತಕದಂಗಡಿಯಿಂದ ಸ್ಪ್ಯಾನಿಷ್ ಕಲಿಸುವ ಪುಸ್ತಕ, ಪುಟ್ಟದೊಂದು ನಿಘಂಟು ತಂದು ಕಲಿಯತೊಡಗಿದೆ.

ಒಂದು ಬೆಳಿಗ್ಗೆ ಪ್ರಾರ್ಥನೆಗೆ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಸೀಟಿಯ ಜೊತೆ ಅವರು ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೂ ಹಾರಿ ಬಿತ್ತು. ನಾಯಿಮರಿಯೊಂದು ಅದನ್ನು ಕಚ್ಚಿಕೊಂಡು ಓಡಿತು. ಹಿಂದೆ ಮೇಷ್ಟ್ರು, ಅವರ ಹಿಂದೆ ಇಡೀ ಶಾಲೆ. ಕೊನೆಗೆ ಹೆಡ್‌ಮಾಸ್ಟರು ಬಿಸ್ಕತ್ತು ತೋರಿಸಿ ಬಿಡಿಸಿಕೊಂಡರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊಸಬಳೆಂಬ ಸಂಕೋಚಕ್ಕೆ ನಾನು ತುಟಿ ಬಿಗಿಹಿಡಿದು ನಿಂತೆ. ಕೋಣೆಗೆ ಬಂದು ನಗತೊಡಗಿದವಳು, ಒಬ್ಬಳೇ ನಗುವ ಸದ್ದು ಕೇಳಿ ಅರ್ಧಕ್ಕೇ ಸುಮ್ಮನಾದೆ.

ಕಾಗದ ಬರೆಯಲು ಕೂತೆ. ತಮಾಷೆ ಎನ್ನುವುದಕ್ಕೆ ನಿಘಂಟಿನಲ್ಲಿ ಮೂರು ನಾಲ್ಕು ಮಾತುಗಳಿದ್ದವು. 'ರಾರೋ' ಅಂದರೆ ವಿಚಿತ್ರ; ಅದರಲ್ಲಿ ನಗುವೇ ಇಲ್ಲ. 'ದಿವೆರ್ತಿದೋ' ಅಂದರೆ ಮೋಜು. ಮೇಷ್ಟ್ರಿಗೆ ಅದು ಮೋಜಾಗಿರಲಿಲ್ಲ, ಆಮೇಲೆ ಬಾಯಿಗೆ ಕರ್ಚೀಫು ಹಿಡಿದು ಬೇವಿನ ಮರದಡಿ ಒಬ್ಬರೇ ಕೂತಿದ್ದರು. 'ರಿದೀಕುಲೋ', ಅಂದರೆ ನಗೆಪಾಟಲು, ಎಂದು ಬರೆದು ಹೊಡೆದುಹಾಕಿದೆ. ಅವರತ್ತ ಬೆರಳು ಮಾಡಿ ನಕ್ಕಂತಿತ್ತು. 'ಗ್ರಾಸಿಯೋಸೋ' ಎಂಬುದಕ್ಕೆ ನಗು ತರಿಸುವುದು ಎಂದೂ ಇತ್ತು, ಸೊಗಸು ಎಂದೂ ಇತ್ತು. ಅದನ್ನೇ ಇಟ್ಟೆ.

ಎರಡು ತಿಂಗಳಿಗೆ ಉತ್ತರ ಬಂತು. ತಾನೇ ಓದಿಕೊಂಡಳಂತೆ, ನಕ್ಕು ನಕ್ಕು ಹೊಲಿಗೆ ನಿಲ್ಲಿಸಬೇಕಾಯಿತಂತೆ. ಕೊನೆಗೆ ಕೇಳಿದ್ದಳು: ಆ ಮೇಷ್ಟ್ರೂ ನಕ್ಕರೇ?

ನನಗೆ ಗೊತ್ತಿರಲಿಲ್ಲ. ಹಲ್ಲು ಬಿದ್ದ ದಿನದಿಂದ ಅವರು ಗೋಡೆಗೆ ಮುಖ ಮಾಡಿ ಬುತ್ತಿ ಉಣ್ಣುತ್ತಿದ್ದರು. ಮರುದಿನ ಹತ್ತಿರ ಹೋಗಿ, ಸ್ಪೇನಿಗೆ ಬರೆದದ್ದನ್ನೆಲ್ಲ ಅಳುಕುತ್ತಲೇ ಹೇಳಿದೆ. ಅವರು ಬುತ್ತಿಯ ಮುಚ್ಚಳ ಹಾಕಿ ನನ್ನತ್ತ ತಿರುಗಿದರು.

"ನನ್ನನ್ನ ಹೆಂಗೆ ಬರೆದೀರಿ, ಮೇಡಂ?"

'ಗ್ರಾಸಿಯೋಸೋ'ದ ಎರಡೂ ಅರ್ಥ ಹೇಳಿದೆ. ನನ್ನ ಕರಡನ್ನು ಆ ಭಾಷೆಯಲ್ಲೇ ಓದಿಸಿ, ಒಂದಕ್ಷರ ತಿಳಿಯದಿದ್ದರೂ ತಲೆಬಾಗಿ ಕೇಳಿದರು.

"ನಾಯಿ ಎಲ್ಲಿ ಬರ್ತೈತೆ, ತೋರಿಸ್ರಿ."

'ಪೆರ್ರೋ' ಎಂಬ ಮಾತಿನ ಮೇಲೆ ಬೆರಳಿಟ್ಟೆ. ಅವರ ಭುಜಗಳು ಕುಲುಕಿದವು. ಜಗಳೂರಿನಲ್ಲಿ ಇನ್ನೊಬ್ಬರ ಜೊತೆ ನಾನು ನಕ್ಕದ್ದು ಅದೇ ಮೊದಲು.

ಆ ಜೂನ್‌ನಲ್ಲಿ ಅವರಿಗೆ ಚನ್ನಗಿರಿಗೆ ವರ್ಗವಾಯಿತು. ನಾನು ಇನ್ನೂ ಆರು ವರ್ಷ ಜಗಳೂರಿನಲ್ಲೇ ಇದ್ದೆ. ಸ್ಪೇನಿನ ಕಾಗದಗಳು ಬರುಬರುತ್ತ ಕಡಿಮೆಯಾದವು. ಕೊನೆಗೆ ನಾನು ಹಾಕಿದ ಎರಡಕ್ಕೆ ಉತ್ತರ ಬರಲಿಲ್ಲ. ಮೂರನೆಯದನ್ನು ಬರೆದೆ, ಅಂಚೆಗೆ ಹಾಕಲಿಲ್ಲ.