ಆರ್ಡಿತ್ ಬದಲಿಸಿದ ವಿಮೆ

ಅಮೆರಿಕದ ನೆಬ್ರಾಸ್ಕದ ನಮ್ಮ ಮೂಲೆಯಲ್ಲಿ ಒಂದು ಹಾಳು ಮರ್ಯಾದೆ ಇದೆ. ನಿಮ್ಮ ಅಂಗಳದ ಹಿಮ ತೆಗೆದುಕೊಟ್ಟವನ ಮಾತಿಗೆ ನೀವು ಇಲ್ಲ ಅನ್ನುವಂತಿಲ್ಲ. ನನ್ನ ನೆರೆಮನೆಯ ಆರ್ಡಿತ್ ಕೊವಾರಿಕ್ ಮುಳುಗಿದ್ದು ಆ ಮರ್ಯಾದೆಯಿಂದಲೇ.

ಆರ್ಡಿತ್ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಡ ವರ್ಲಿನ್‌ಗೆ ಮರೆವಿನ ಕಾಯಿಲೆ ಹತ್ತಿ, ಊರಿನ ಆರೈಕೆ ಮನೆಗೆ ಸೇರಿಸಿದ್ದಳು. ಬೇರೆ ಯಾರು ತುತ್ತಿಟ್ಟರೂ ಅವನು ಬಾಯಿ ಬಿಡುತ್ತಿರಲಿಲ್ಲ. ಹೊತ್ತು ಹೊತ್ತಿಗೆ ಇವಳೇ ಹೋಗಿ ತಿನ್ನಿಸಬೇಕು. "ನನ್ನ ಅಡುಗೆ ಅಂದ್ರೆ ಮೂಗು ಮುರೀತಿದ್ದ. ಈಗ ನೋಡು, ಜಾಣ ಆಗಿದಾನೆ" ಎಂದು ನಗುತ್ತಿದ್ದಳು.

ಅಂಥವಳ ಮನೆಗೆ ಡೆರಲ್ ಬಂದ. ಪ್ರತಿ ಚಳಿಗಾಲ ಅವಳ ಅಂಗಳದ ಹಿಮ ತಳ್ಳುತ್ತಿದ್ದವನು, ಹೊಸದಾಗಿ ವಿಮೆ ಏಜೆಂಟ್ ಆಗಿದ್ದ.

"ವಯಸ್ಸಾದವರಿಗೆ ಸರ್ಕಾರ ಕೊಡೋ ಮೆಡಿಕೇರ್ ವಿಮೆ ಮೇಲೆ ಇನ್ನೊಂದು ವಿಮೆಗೆ ಯಾಕಮ್ಮ ದುಡ್ಡು ಸುರೀತೀರಿ? ಅವೆರಡರ ಬದಲು ನಮ್ಮ ಕಂಪನೀದು ಒಂದೇ ತಗೊಳ್ಳಿ. ಬೇರೆ ಕಂತೇ ಇಲ್ಲ. ಹಲ್ಲು, ಕನ್ನಡಕ ಎಲ್ಲಾ ಇದರಲ್ಲೇ."

"ನಮ್ಮೂರ ಆಸ್ಪತ್ರೇಲಿ ಇದು ನಡೆಯುತ್ತಾ?"

"ನಡೆಯುತ್ತಲ್ಲ."

"ಇಲಿಬೋನಲ್ಲಿರೋ ಚೀಸೂ ಪುಕ್ಕಟೇನೇ" ಎಂದೆ ಪಕ್ಕದಲ್ಲೇ ಕೂತಿದ್ದ ನಾನು. ಯಾರು ಕೇಳಬೇಕು? ಆರ್ಡಿತ್ ಸಹಿ ಹಾಕಿದಳು. ಅವನು ಹೋದ ಮೇಲೆ ಬೈದರೆ, "ಮುಖ ನೋಡ್ಕೊಂಡು ಇಲ್ಲ ಅನ್ನೋದು ಹೇಗೆ ಮಾರಾಯ್ತಿ?" ಅಂದಳು. ಅವಳ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ.

ಮರುವರ್ಷ ನಮ್ಮೂರ ಆಸ್ಪತ್ರೆ ಆ ಕಂಪನಿಯ ಕಾರ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಕಂಪನಿಯವರು ಬಿಲ್ಲಿನ ಹಣ ಕೊಡಲು ಸತಾಯಿಸುತ್ತಾರಂತೆ. ಆರ್ಡಿತ್ ಹಿಂದಿನ ವಿಮೆಯ ಬಾಗಿಲು ತಟ್ಟಿದಳು. ಅಷ್ಟರಲ್ಲಿ ಅವಳ ಹೃದಯಕ್ಕೆ ಸ್ಟೆಂಟ್ ಬಿದ್ದಿತ್ತು. ಕಾಯಿಲೆಯವಳು ಬೇಡ ಎಂದರು. ಅದಿಲ್ಲದೆ ಬರೀ ಸರ್ಕಾರದ್ದನ್ನು ನಂಬಿದರೆ ಉಳಿದ ಖರ್ಚಿಗೆ ಮನೆ ಮಾರಬೇಕು. ಬಂದದ್ದು ಬರಲಿ ಎಂದು ಡೆರಲ್ ಕೊಟ್ಟ ವಿಮೆಯಲ್ಲೇ ಉಳಿದಳು.

ಜನವರಿಯಲ್ಲಿ ಜಾರಿ ಬಿದ್ದು ಸೊಂಟ ಮುರಿಯಿತು. ದೂರದ ಒಮಾಹಾ ನಗರದಲ್ಲಿ ಆಪರೇಷನ್ ಆಯಿತು. ಮತ್ತೆ ನಡೆಯಲು ಕಲಿಯುವಷ್ಟು ದಿನ ನಮ್ಮೂರ ಆಸ್ಪತ್ರೆಯಲ್ಲೇ ಇರುತ್ತೇನೆ, ಗಾಲಿಕುರ್ಚಿಯಲ್ಲಾದರೂ ಹೋಗಿ ವರ್ಲಿನ್‌ಗೆ ಉಣ್ಣಿಸುತ್ತೇನೆ ಎಂದು ಗೋಗರೆದಳು. ಕಂಪನಿಯವರ ಕಲ್ಲೆದೆ ಕರಗಲಿಲ್ಲ. ಊರಿನಿಂದ ಐದು ಗಂಟೆ ದಾರಿಯ, ತಮ್ಮ ಕಾರ್ಡು ನಡೆಯುವ ಯಾವುದೋ ಆರೈಕೆ ಕೇಂದ್ರಕ್ಕೆ ಸಾಗಹಾಕಿದರು.

ಇಲ್ಲಿ ನಾನು ಚಮಚ ಹಿಡಿದುಕೊಂಡು ಹೋದೆ. ವರ್ಲಿನ್ ತುಟಿ ಬಿಗಿದು ಬಾಗಿಲ ಕಡೆ ನೋಡಿದ. "ಅವಳು ಬರ್ಲಿ" ಅಂದ. ನರ್ಸುಗಳು ಪ್ರಯತ್ನಿಸಿದರು, ಪಾದ್ರಿ ಪ್ರಯತ್ನಿಸಿದರು. ಅದೇ ಮಾತು. ದಿನೇ ದಿನೇ ಒಣಗಿ, ಅವಳು ಬರುವ ಮೊದಲೇ ಹೋಗಿಬಿಟ್ಟ.

ಮಣ್ಣು ಮುಗಿದ ಮೇಲೆ ಚರ್ಚಿನಲ್ಲಿ ಊಟ. ಆರ್ಡಿತ್ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಡೆರಲ್ ತಟ್ಟೆಯಲ್ಲಿ ಹಂದಿಮಾಂಸ, ಆಲೂಗಡ್ಡೆ ಬಡಿಸಿಕೊಂಡು ಬಂದು ಅವಳ ಮುಂದೆ ಬಗ್ಗಿದ.

"ಬೆಳಗ್ಗಿಂದ ಏನೂ ತಿಂದಿಲ್ವಂತೆ. ಒಂದು ತುತ್ತು ತಿನ್ನಿ, ಅಮ್ಮ."

ಆರ್ಡಿತ್ ದನಿ ಏರಿಸಲಿಲ್ಲ.

"ವರ್ಲಿನ್ ಹಸ್ಕೊಂಡು ಸತ್ತ, ಡೆರಲ್. ತಟ್ಟೆ ತಗೊಂಡು ಹೋಗು."